ಕೂತವಳ ಅಳತೆ

"ಇದು ಮುಖ ಅಲ್ಲ ಕಣೋ. ಷಟರ್ ಎಳೆದ ಅಂಗಡಿ!"

ಹನ್ನೊಂದು ಜನರ ಎದುರಿಗೆ ಮೇಷ್ಟ್ರು ಹಾಗಂದರು. ಅಂದಮೇಲೆ ಸುಮ್ಮನಾದರಾ, ಅದೂ ಇಲ್ಲ. ಅವನು ಬರೆದ ಹಾಳೆಯನ್ನು ಹಲಗೆಯಿಂದ ಕಿತ್ತು, ಎಲ್ಲರಿಗೂ ಕಾಣುವ ಹಾಗೆ ಕಿಟಕಿಯ ಬೆಳಕಿಗೆ ಎತ್ತಿ ಹಿಡಿದರು.

"ನೋಡ್ರಪ್ಪಾ. ಗೆರೆ ಅಂದ್ರೆ ಗೆರೆ, ಒಂದು ಕಡೆ ನಡುಗಿಲ್ಲ. ಕಣ್ಣು ಎರಡು, ಮೂಗು ಒಂದು, ಕಿವಿ ಒಂದು ಜೊತೆ, ಎಲ್ಲಾ ಸ್ಟಾಕಿದೆ. ಒಳಗೆ ಮಾತ್ರ ಯಾರೂ ಇಲ್ಲ."

ನಗು ಚಿತ್ರಶಾಲೆಯ ಹಾಲಿನ ಆ ತುದಿಯಿಂದ ಈ ತುದಿಗೆ ಉರುಳಿ ಬಂತು. ಐದು ವರ್ಷದಿಂದ ಅಲ್ಲೇ ಬೇರು ಬಿಟ್ಟಿದ್ದ ಹಿರಿಯ ವಿದ್ಯಾರ್ಥಿ, ಗಡ್ಡದವನು, ಕಾಲು ಚಾಚಿ ಕೂತಲ್ಲಿಂದಲೇ ಕೂಗಿದ. "ಕೆಳಗೊಂದು ಫೋನ್ ನಂಬರ್ ಬರೆದುಬಿಡು ಬೋರ್ಡು. ಯಾರಾದ್ರೂ ಬಾಡಿಗೆಗೆ ಬಂದ್ರೆ ಬರ್ತಾರೆ."

ಬೋರ್ಡು. ಬಂದ ದಿನವೇ ಅಂಟಿದ ಹೆಸರು. ಹದಿನಾಲ್ಕಕ್ಕೆ ಶಾಲೆ ಬಿಟ್ಟು ಏಳು ವರ್ಷ ಅಂಗಡಿ ಬೋರ್ಡು ಬರೆದವನು ಅವನು. ಏಣಿ ಹತ್ತಿ, ಬಿಸಿಲಿಗೆ ಬೆನ್ನು ಕೊಟ್ಟು, ಆಳುದ್ದದ ಅಕ್ಷರಗಳನ್ನು ಒಂದೇ ಉಸಿರಲ್ಲಿ ಎಳೆದವನು. ಯಂತ್ರದಲ್ಲಿ ಅಚ್ಚಾದ ಹಾಳೆಗಳು ಬಂದು ಆ ಕೆಲಸವನ್ನು ನುಂಗಿ ನೀರು ಕುಡಿದವು. "ಅಕ್ಷರ ಹೋದ್ರೆ ಹೋಯ್ತು, ಮುಖ ಬರೆಯೋದು ಕಲಿ. ಮನುಷ್ಯರಿಗೆ ತಮ್ಮ ಮುಖದ ಆಸೆ ಹೋಗಲ್ಲ," ಅಂತ ಅಕ್ಕನೇ ಇಲ್ಲಿಗೆ ತಳ್ಳಿದ್ದಳು. ಅಪ್ಪ ಅಮ್ಮ ಎರಡೂ ಆಗಿ ಅವನನ್ನು ಸಾಕಿದ ಅಕ್ಕ. ಮೊದಲು ಬರೆಯುವುದು ಅವಳ ಮುಖ ಅಂತ ಅವನು ಒಳಗೊಳಗೇ ತೀರ್ಮಾನ ಮಾಡಿಕೊಂಡಿದ್ದ. ಈ ಹನ್ನೊಂದು ಜನಕ್ಕೆ ಅದು ಗೊತ್ತಿಲ್ಲ. ಗೊತ್ತಾಗಬೇಕಾಗಿಯೂ ಇಲ್ಲ.

"ಪ್ಲಾಸ್ಟರ್ ತಲೆ ಮುಂದಿಟ್ಟು ಒಳಗೆ ಯಾರಿಲ್ಲ ಅಂದ್ರೆ ಹೇಗೆ ಮೇಷ್ಟ್ರೇ? ಅದರೊಳಗೂ ಯಾರಿಲ್ಲ," ಅಂದ. ಕಿವಿ ಕಾದು ಕೆಂಡವಾಗಿದ್ದವು. "ಮುಖ ಇರೋದನ್ನ ಕೊಡಿ. ಬರೀತೀನಿ."

ಮೇಷ್ಟ್ರು ಹಾಳೆಯನ್ನು ಮೆಲ್ಲಗೆ ಕೆಳಗಿಳಿಸಿದರು. ಎದುರುತ್ತರ ಕೇಳಿದವರ ಮುಖದಲ್ಲಿ ಸಿಟ್ಟಿರಬೇಕಿತ್ತು. ಅವರ ಮುಖದಲ್ಲಿ ಇದ್ದದ್ದು, ಬಹಳ ಹೊತ್ತು ಕಾದ ಬಸ್ಸು ತಿರುವಿನಲ್ಲಿ ಕಂಡವರ ನಿರಾಳ.

"ಹಾಗಾದ್ರೆ ಕೂತವಳನ್ನ ಬರಿ."

ನಗು ಕತ್ತರಿಸಿದ ಹಾಗೆ ನಿಂತಿತು. ಹಾಲಿನ ಕೊನೆಯಲ್ಲಿ ದಪ್ಪ ಕಪ್ಪು ಪರದೆ. ಪರದೆಯಾಚೆ ಒಂದು ಸಣ್ಣ ಕೋಣೆ. ಅದರಲ್ಲಿ ಒಂದೇ ಒಂದು ಹಳೆಯ ಚಿತ್ರ. ಅದನ್ನು ನಕಲು ಮಾಡುವುದೇ ಇಲ್ಲಿನ ಪಾಠ, ಅದೂ ಎರಡು ವರ್ಷ ಗೆರೆ ತಿದ್ದಿದ ಮೇಲೆ. ಇವನು ಬಂದು ಎರಡು ತಿಂಗಳಾಗಿತ್ತು.

"ಎರಡೇ ಮಾತು," ಮೇಷ್ಟ್ರು ಬೆರಳೆತ್ತಿದರು. ಧ್ವನಿಯನ್ನೂ ಎತ್ತಿದರು, ಎಲ್ಲರೂ ಸಾಕ್ಷಿಯಾಗಲಿ ಎಂಬಂತೆ. "ನೀನು ಬರೆಯೋ ಮುಖ ಅವಳ ಮುಖಕ್ಕಿಂತ ನಾಲ್ಕು ಬೆರಳು ಚಿಕ್ಕದಿರಬೇಕು. ಅಳತೆ ದೂರ ನಿಂತು ಕಣ್ಣಲ್ಲೇ ತಗೋಬೇಕು. ಕಾಗದ, ದಾರ, ಸ್ಕೇಲು, ಬೆರಳು, ಏನೂ ಅವಳ ಮೈಗೆ ತಾಗಕೂಡದು."

"ಯಾಕೆ, ನಾಚ್ಕೋತಾಳಾ?"

ಯಾರೂ ನಗಲಿಲ್ಲ. ಆಸ್ಪತ್ರೆ ಕೆಲಸದಿಂದ ನಿವೃತ್ತಿಯಾಗಿ ಬಣ್ಣ ಕಲಿಯಲು ಬಂದಿದ್ದ ನರ್ಸಮ್ಮ ಬ್ರಷ್ ಒರೆಸುವುದನ್ನು ನಿಲ್ಲಿಸಿದರು. "ತಮಾಷೆ ಬೇಡ ಕಣಪ್ಪಾ. ಮಾಟ ಮಾಡಿ ಬರೆದ ಚಿತ್ರ ಅಂತಾರೆ. ಸರಿಸಮ ಬರೆದವರ ಮನೆಗೆ ಆಗಿಬರಲ್ಲವಂತೆ."

"ಮಾಟಾನಾ? 'ಇಲ್ಲಿ ಉಚ್ಚೆ ಹೊಯ್ದರೆ ಶಾಪ ತಟ್ಟುತ್ತೆ' ಅಂತ ನಾನೇ ಎಷ್ಟು ಗೋಡೆಗೆ ಬರೆದುಕೊಟ್ಟಿದೀನಿ ಗೊತ್ತಾ ಅಮ್ಮಾ? ಒಬ್ಬನಿಗೂ ತಟ್ಟಿಲ್ಲ. ಗೋಡೆ ಮಾತ್ರ ನಾರುತ್ತೆ."

*

ಪರದೆ ಸರಿಸಿದರೆ ಮೊದಲು ಮೂಗಿಗೆ ಅಗಸೆ ಎಣ್ಣೆಯ ವಾಸನೆ. ಆಮೇಲೆ ಮುಗ್ಗಿದ ಬಟ್ಟೆ. ಅದರ ಕೆಳಗೆ, ಇನ್ನೂ ಕೆಳಗೆ, ಎಲ್ಲೋ ಕೂದಲು ಸುಟ್ಟ ಕಮಟು. ಛಾವಣಿಯ ಒಂದು ಗಾಜಿನಿಂದ ಇಳಿಯುವ ಬೂದು ಬೆಳಕು ಬಿಟ್ಟರೆ ಕೋಣೆಯಲ್ಲಿ ಕತ್ತಲೆಯೇ ಬಾಡಿಗೆಗಿತ್ತು.

ಆ ಬೆಳಕಿನಲ್ಲಿ ಅವಳು ಕೂತಿದ್ದಳು. ಮರದ ಕುರ್ಚಿ. ಹೆಗಲ ಮೇಲೆ ನೀಲಿ ಹೊದಿಕೆ. ತೊಡೆಯ ಮೇಲೆ ಅಂಗಾತ ಬಿಚ್ಚಿದ ಎಡಗೈ, ಯಾರಾದರೂ ಏನನ್ನಾದರೂ ಇಡಲಿ ಎಂದು ಕಾದಂತೆ. ಮುಖ ಇತ್ತ ಹೊರಳಿತ್ತು. ನಿಜವಾದ ಮನುಷ್ಯರ ಮುಖದಷ್ಟೇ ದೊಡ್ಡದು. ಪುಟ್ಟ ಗದ್ದ, ಕಣ್ಣಿನ ಕೆಳಗೆ ನಿದ್ದೆಗೆಟ್ಟವರ ಊತ. ಬಣ್ಣದ ಮೇಲೆಲ್ಲ ಒಣಗಿದ ಕೆರೆಯ ತಳದಂತೆ ಸಣ್ಣ ಸಣ್ಣ ಬಿರುಕು.

ಮೂರು ದಿನ ಬರೆದ. ಮೂರು ದಿನವೂ ಕೆಟ್ಟಿತು. ಆಳುದ್ದದ ಅಕ್ಷರ ಬರೆದ ಕೈಗೆ ಚಿಕ್ಕದು ಮಾಡುವುದು ಬಾರದು. ದೂರ ನಿಂತು ಒಂದು ಕಣ್ಣು ಮುಚ್ಚಿ, ಬ್ರಷ್ಷಿನ ಹಿಡಿಯ ಮೇಲೆ ಹೆಬ್ಬೆರಳು ಜಾರಿಸಿ ಅಳತೆ ಹಿಡಿದರೆ ಕಣ್ಣು ಕಿವಿಯ ಕಡೆ ಓಡುತ್ತಿತ್ತು, ತುಟಿ ಗದ್ದಕ್ಕೆ ಬೀಳುತ್ತಿತ್ತು. ಗಡ್ಡದವನು ಪರದೆಯೊಳಗೆ ತಲೆ ತೂರಿಸಿ, "ಏನ್ ಬೋರ್ಡು, ಷಟರ್ ಎತ್ತಿದ್ಯಾ?" ಅಂತ ಕೇಳಿ ಹೋಗುತ್ತಿದ್ದ. ಹೊರಗೆ ಕಿಸಕ್ಕನೆ ನಗು.

ನಾಲ್ಕನೆಯ ದಿನ ಮಧ್ಯಾಹ್ನ ಎಲ್ಲರೂ ಊಟಕ್ಕೆ ಇಳಿದರು. ಅವನು ಇಳಿಯಲಿಲ್ಲ. ಹಿಂಬಾಗಿಲಿನಿಂದ ಒಬ್ಬ ಹೆಂಗಸು ಬಂದು, ಕುಡಿಯುವ ನೀರಿನ ಜಗ್ಗು ತುಂಬಿಸಿ, ಸದ್ದಿಲ್ಲದೆ ಹೋದಳು. ಮೇಷ್ಟ್ರ ಹೆಂಡತಿ. ದಿನಾ ಬರುತ್ತಾಳೆ. ಆದರೂ ಅವಳ ಮುಖ ಹೇಗಿದೆ ಎಂದು ಕೇಳಿದರೆ ಹನ್ನೊಂದರಲ್ಲಿ ಒಬ್ಬರೂ ಹೇಳಲಾರರು.

ಅವಳು ಹೋದ ಮೇಲೆ ಅವನು ಚೀಲದಿಂದ ತನ್ನ ಹಳೆಯ ಕಸುಬನ್ನು ಹೊರತೆಗೆದ. ಒಂದು ಸುರುಳಿ ಟ್ರೇಸಿಂಗ್ ಪೇಪರ್, ಒಂದು ಗುಂಡುಸೂಜಿ, ತೆಳು ಬಟ್ಟೆಯಲ್ಲಿ ಇದ್ದಿಲಪುಡಿ ಕಟ್ಟಿದ ಪುಟ್ಟ ಗಂಟು. ಒಂದೇ ಬೋರ್ಡು ಹತ್ತು ಕಡೆ ಬರೆಯಬೇಕಾದರೆ ಬೋರ್ಡಿನವರು ಮಾಡುವುದು ಇದನ್ನೇ. ಮೂಲದ ಮೇಲೆ ಕಾಗದ ಹರಡಿ ಗೆರೆ ತೆಗೆ. ಗೆರೆಯುದ್ದಕ್ಕೂ ಸೂಜಿಯಿಂದ ತೂತು ಹೊಡೆ. ಆ ತೂತಿನ ಕಾಗದವನ್ನು ಹೊಸ ಗೋಡೆಗೆ ಹಿಡಿದು ಇದ್ದಿಲ ಗಂಟನ್ನು ಪಟಪಟ ತಟ್ಟು. ಕಾಗದ ಎತ್ತಿದರೆ ಗೋಡೆಯ ಮೇಲೆ ಕಪ್ಪು ಚುಕ್ಕಿಗಳಲ್ಲಿ ತದ್ರೂಪು ಕೂತಿರುತ್ತದೆ. ಕೂದಲೆಳೆ ಹೆಚ್ಚಿಲ್ಲ, ಕಮ್ಮಿಯಿಲ್ಲ.

ಕಾಗದವನ್ನು ಅವಳ ಮುಖದ ಮೇಲೆ ಹರಡಿದ.

ಕಾಗದ ಅಂಟಿತು. ಬೆವೆತ ಬೆನ್ನಿಗೆ ಅಂಗಿ ಅಂಟುವ ಹಾಗೆ ತಾನಾಗಿ ಅಂಟಿತು. ಅಂಗೈಗೆ ಕೆಳಗಿನಿಂದ ಬಿಸಿ ತಾಗಿತು. ಮೇಲಿನ ಗಾಜಿನ ಕಾವಿರಬೇಕು ಎಂದುಕೊಂಡ. ಅವತ್ತು ಮೋಡವಿತ್ತು. ಅದು ಅವನಿಗೆ ಹೊಳೆಯಲಿಲ್ಲ. ಗೆರೆ ತೆಗೆದು ಕಾಗದ ಎಳೆದಾಗ ಗಾಯದಿಂದ ಪಟ್ಟಿ ಬಿಡಿಸಿದಂಥ ಸಣ್ಣ ಸದ್ದು. ಸುಟ್ಟ ಕೂದಲಿನ ವಾಸನೆ ಗಂಟಲಿಗಿಳಿಯಿತು. ಕೆಮ್ಮಿದ, ಬೈದ, ತೂತು ಹೊಡೆಯಲು ಕೂತ.

ಸಂಜೆ ಮೇಷ್ಟ್ರು ಬಂದು ಕ್ಯಾನ್ವಾಸಿನ ಮುಂದೆ ನಿಂತರು. ಮುಖ ಮಾತ್ರ, ಭುಜದವರೆಗೆ.

"ಅಳತೆ ಕಣ್ಣಲ್ಲೇ ತಗೊಂಡ್ಯಾ?"

"ಹೂಂ."

"ನಾಲ್ಕು ಬೆರಳು ಬಿಟ್ಯಾ?"

"ಹೂಂ ಅಂದ್ನಲ್ಲ."

ಕುರುಡನಿಗೂ ಕಾಣುವ ಸುಳ್ಳು. ಮೇಷ್ಟ್ರು ಅವನ ಬೆನ್ನು ತಟ್ಟಿದರು. "ಚೆನ್ನಾಗಿ ಬರ್ತಿದೆ ಮಗಾ. ನಿಲ್ಲಿಸಬೇಡ."

ಮಗಾ! ಎರಡು ತಿಂಗಳಲ್ಲಿ ಮೊದಲ ಸಲ. ಅವನಿಗೆ ಆಗಲೇ ಅನುಮಾನ ಬರಬೇಕಿತ್ತು. ಆದರೆ ಹೊಗಳಿಕೆ ಕಾಣದೆ ಬೆಳೆದವನು ಒಂದು ತುತ್ತು ಹೊಗಳಿಕೆಗೆ ಕಣ್ಣು ಮುಚ್ಚುತ್ತಾನೆ. ಅದರಲ್ಲೇನು ತಪ್ಪು?

*

ಅಕ್ಕ ಮನೆಯ ಮುಂಭಾಗದಲ್ಲೇ ಹೊಲಿಗೆ ಅಂಗಡಿ ಇಟ್ಟಿದ್ದಳು. ಕುತ್ತಿಗೆಗೆ ಅಳತೆ ಟೇಪು, ತುಟಿಯ ನಡುವೆ ಗುಂಡುಸೂಜಿ, ಸೂಜಿ ಕಚ್ಚಿಕೊಂಡೇ ಮಾತು. ಅವಳ ಬಲಹುಬ್ಬು ನಡುವೆ ತುಂಡಾಗಿತ್ತು. ಅವಳಿಗೆ ಹತ್ತು ವರ್ಷವಿದ್ದಾಗ ಇವನನ್ನು ಸೊಂಟದ ಮೇಲೆ ಹೊತ್ತು ಮೆಟ್ಟಿಲಲ್ಲಿ ಮುಗ್ಗರಿಸಿ, ಇವನನ್ನು ಮೇಲೆತ್ತಿ ಹಿಡಿದು ತಾನು ಹಣೆ ಒಡೆದುಕೊಂಡ ಗುರುತು. "ನಿನ್ನ ಸಹಿ ಕಣೋ ಇದು," ಅಂತ ನಗುತ್ತಿದ್ದಳು.

ಒಂದು ಬೆಳಗ್ಗೆ, ಹದಿನೈದು ವರ್ಷದಿಂದ ಬಟ್ಟೆ ಕೊಡುತ್ತಿದ್ದ ಪಕ್ಕದ ಬೀದಿಯ ಹೆಂಗಸು ಬಂದು ನೇರ ಅಕ್ಕನನ್ನೇ ಕೇಳಿದಳು. "ಅಕ್ಕ ಇಲ್ವಾ?"

ಅಕ್ಕ ಸೂಜಿ ತೆಗೆದಳು. "ನಾನಲ್ದೆ ಇನ್ಯಾರು ಇಲ್ಲಿರೋದು? ಕನ್ನಡಕ ಬದಲಾಯಿಸಮ್ಮಾ."

ಆ ಹೆಂಗಸು ನಕ್ಕಳು. ಆದರೆ ಬಟ್ಟೆಯ ಗಂಟನ್ನು ಕೊಡದೆ ಎದೆಗೆ ಒತ್ತಿಕೊಂಡೇ ನಿಂತಿದ್ದಳು. ಆಮೇಲೆ ಬರ್ತೀನಿ ಎಂದು ಹೋದವಳು ಎರಡು ಸಲ ತಿರುಗಿ ನೋಡಿದಳು.

"ವಯಸ್ಸಾಯ್ತು ಪಾಪ ಅವಳಿಗೆ," ಅಂದಳು ಅಕ್ಕ.

ಅವತ್ತೇ ಹಾಲಿನಲ್ಲಿ ನರ್ಸಮ್ಮ ತಮ್ಮ ಹಳೆಯ ನಕಲನ್ನು ಹಿಡಿದುಕೊಂಡು ಪರದೆಯೊಳಗೆ ಬಂದರು. ಚಿತ್ರವನ್ನೂ ನಕಲನ್ನೂ ನಾಲ್ಕು ಸಲ ನೋಡಿದರು. "ಹೋದ ವರ್ಷ ಸರಿಯಾಗೇ ಬರೆದಿದ್ನಲ್ಲೋ. ಗದ್ದ ಇಷ್ಟಗಲ ಇರಲಿಲ್ಲ. ನನ್ನದು ತಪ್ಪೋ, ಅವಳೇ ತಪ್ಪೋ?"

ಅವನು ತಲೆಯೆತ್ತಿದ. ಅವರ ನಕಲಿನಲ್ಲಿ ಪುಟ್ಟ ಗದ್ದ. ಚಿತ್ರದಲ್ಲಿ ಅಗಲ ಗದ್ದ. ಅವನ ಕ್ಯಾನ್ವಾಸಿನಲ್ಲಿಯೂ ಅಗಲ ಗದ್ದವೇ, ಅವನು ದಿನಾ ಕಂಡದ್ದನ್ನೇ ಬರೆಯುತ್ತ ಬಂದಿದ್ದ. ಮೇಲೆ ಹೋದ ಅವನ ನೋಟ ಬಲಹುಬ್ಬಿಗೆ ತಾಗಿ ನಿಂತಿತು.

ಹುಬ್ಬು ನಡುವೆ ತುಂಡಾಗಿತ್ತು.

ಯಾರೋ ತಿದ್ದಿದ್ದಾರೆ! ತಲೆಗೆ ರಕ್ತ ಏರಿತು. ಹೋದ ವಾರ ಅಕ್ಕ ಬೀಗದ ಕೈ ಕೊಡಲು ಇಲ್ಲಿಗೆ ಬಂದಿದ್ದಳು. ಬಾಗಿಲು ತೆಗೆದವನು ಗಡ್ಡದವನೇ. ನೋಡಿದ್ದಾನೆ, ನನ್ನಕ್ಕನ ಹುಬ್ಬನ್ನು ತಮಾಷೆ ಮಾಡಿದ್ದಾನೆ. ಚಿಂದಿಬಟ್ಟೆಗೆ ಟರ್ಪೆಂಟೈನ್ ಸುರಿದು ಹುಬ್ಬನ್ನು ಉಜ್ಜಿದ. ಹೊಸ ಬಣ್ಣವಾದರೆ ಬಟ್ಟೆಗೆ ಬರಬೇಕು. ಬಟ್ಟೆ ಬೆಳ್ಳಗೇ ಇತ್ತು. ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದ. ನೂರು ವರ್ಷದ ಬಿರುಕು ಹಣೆಯಿಂದ ಇಳಿದು, ತುಂಡಾದ ಹುಬ್ಬಿನ ಮೇಲೇ ಹಾದು, ಕೆನ್ನೆಗೆ ಹೋಗಿತ್ತು.

ಅರ್ಥವಾಗದ್ದಕ್ಕೆ ಅವನಿಗೆ ಗೊತ್ತಿದ್ದ ಔಷಧ ಒಂದೇ. ಹೊರಗೆ ಹೋಗಿ ಗಡ್ಡದವನ ಕೊರಳಪಟ್ಟಿ ಹಿಡಿದ.

"ನನ್ನಕ್ಕನ ಹುಬ್ಬನ್ನ ತಮಾಷೆ ಮಾಡ್ತೀಯೇನೋ?"

"ಬಿಡೋ, ಹುಚ್ಚಾ! ನಿಮ್ಮಕ್ಕ ಯಾರು ಅಂತಾನೇ ಗೊತ್ತಿಲ್ಲ ನಂಗೆ!"

"ಸುಳ್ಳು! ಹೋದ ವಾರ ನೀನೇ ಬಾಗಿಲು ತೆಗೆದೆ!"

"ತೆಗೆದೆ..." ಗಡ್ಡದವನು ತಡವರಿಸಿದ. ಸಿಟ್ಟು ಇಳಿದು ಅವನ ಕಣ್ಣಲ್ಲಿ ಬೇರೇನೋ ಬಂತು. "ಯಾರೋ ಬಂದ್ರು. ಹೆಂಗಸು. ಬೀಗದ ಕೈ ನೆನಪಿದೆ. ಕೈ ನೆನಪಿದೆ, ಬೆರಳಲ್ಲಿ ಸೂಜಿ ಚುಚ್ಚದ ಹಾಗೆ ಹೊಲಿಗೆಯವರು ಹಾಕೋ ಟೋಪಿ ಇತ್ತು. ಮುಖ..." ಅವನು ಹಣೆ ಉಜ್ಜಿಕೊಂಡ. "ಮುಖ ಬರ್ತಾ ಇಲ್ಲ ಕಣೋ."

ನಾಟಕ ಎಂದುಕೊಂಡ. ಎಲ್ಲರೂ ಸೇರಿ ಆಡುವ ನಾಟಕ. ನರ್ಸಮ್ಮನೂ ಸೇರಿದ್ದಾರೆ. ಬೋರ್ಡಿನವನು ಗೆದ್ದುಬಿಡುತ್ತಾನೆ ಅಂತ ಹೊಟ್ಟೆಕಿಚ್ಚು. ಒಬ್ಬರ ಮೇಲೆ ಮಾತ್ರ ಅವನಿಗೆ ಅನುಮಾನ ಬರಲಿಲ್ಲ. ಮೇಷ್ಟ್ರು ಬಂದು ಜಗಳ ಬಿಡಿಸಿದರು, ಗಡ್ಡದವನನ್ನೇ ಗದರಿದರು. ಈಚೆಗೆ ಅವರು ಶಿಳ್ಳೆ ಹಾಕುತ್ತಿದ್ದರು. ಗಡ್ಡ ಬೋಳಿಸಿ ಇಸ್ತ್ರಿ ಅಂಗಿ ತೊಡುತ್ತಿದ್ದರು. ನೀರಿನ ಜಗ್ಗು ತರುವ ಹೆಂಗಸು ಬಂದಾಗ ಪಾಠ ನಿಲ್ಲಿಸಿ ಅವಳನ್ನೇ ನೋಡುತ್ತ ನಿಲ್ಲುತ್ತಿದ್ದರು.

"ಇನ್ನೇನು, ಕಣ್ಣಿನ ಹೊಳಪಿನ ಚುಕ್ಕಿ ಒಂದೇ ಬಾಕಿ ಅಲ್ವಾ?" ಅಂದರು. "ಇಟ್ಟುಬಿಡು. ಮುಗಿಸಿ ಮನೆಗೆ ಹೋಗು."

ಬಿಳಿ ಬಣ್ಣ ಅದ್ದಿ ಎರಡು ಚುಕ್ಕಿ ಇಟ್ಟ. ಹಿಂದೆ ಮೂಲ ಚಿತ್ರದಿಂದ ಟಿಕ್ ಎಂದು ಒಣಬಣ್ಣ ಬಿರಿದ ಸದ್ದು. ತಿರುಗಿ ನೋಡಲಿಲ್ಲ.

*

ಮರುದಿನ ಭಾನುವಾರ, ಬೆಳಗ್ಗೆ ಹೊಲಿಗೆ ಯಂತ್ರದ ಸದ್ದಿರಲಿಲ್ಲ. ಅಕ್ಕ ಕನ್ನಡಿಯ ಮುಂದೆ ನಿಂತಿದ್ದಳು.

"ತಮ್ಮಾ, ಸ್ವಲ್ಪ ಇಲ್ಲಿ ಬಾರೋ." ಬೆನ್ನು ಇತ್ತ ಇತ್ತು. "ನನ್ನ ಮುಖದಲ್ಲಿ ಏನಾದ್ರೂ ಆಗಿದೆಯಾ ನೋಡು."

"ಏನಾಗುತ್ತೆ ಈಗ?"

"ತಮಾಷೆ ಮಾಡ್ತಿಲ್ಲ. ಬೆಳಿಗ್ಗೆಯಿಂದ ನೋಡ್ತಾ ಇದೀನಿ. ಯಾರನ್ನೋ ನೋಡಿದ ಹಾಗಾಗ್ತಿದೆ."

ಅವಳು ತಿರುಗಿದಳು.

ಕಣ್ಣಿತ್ತು. ಮೂಗಿತ್ತು. ತುಟಿಯಿತ್ತು. ಎಲ್ಲವೂ ಇತ್ತು. ಆದರೆ ಅವನ ನೋಟ ಎಲ್ಲಿಯೂ ನಿಲ್ಲಲಿಲ್ಲ. ಎಣ್ಣೆ ಬಳಿದ ತಟ್ಟೆಯ ಮೇಲೆ ನೀರಹನಿ ಜಾರುವ ಹಾಗೆ ಜಾರಿತು. ಹುಬ್ಬು ನೋಡಿದ, ಅಖಂಡ ಹುಬ್ಬು. ಕಣ್ಣು ನೋಡುವಷ್ಟರಲ್ಲಿ ಹುಬ್ಬು ಮರೆತಿತ್ತು. ಒಂದು ಸಲ ರೆಪ್ಪೆ ಬಡಿದ. ಎದುರಿಗೆ ಒಬ್ಬ ಅಪರಿಚಿತ ಹೆಂಗಸು ಅಕ್ಕನ ಸೀರೆ ಉಟ್ಟು, ಅಕ್ಕನ ಧ್ವನಿಯಲ್ಲಿ ಅಳಲು ಶುರುಮಾಡಿದಳು.

"ನೀನಾದ್ರೂ ಹೇಳೋ, ನಾನೇ ಅಂತ. ಹೇಳೋ."

ಗೋಡೆಯ ಮೇಲೆ ಅವರಿಬ್ಬರ ಫೋಟೊ ಇತ್ತು. ಅವನ ಪಕ್ಕದಲ್ಲಿ ಯಾರೋ ನಿಂತಿದ್ದರು.

"ನೀನೇ," ಅಂದ. "ನೀನೇ ಅಕ್ಕಾ. ಮನೆಯಿಂದ ಹೊರಗೆ ಹೋಗಬೇಡ. ಈಗ ಬಂದೆ."

ಓಡಿದ. ಬೀದಿ ದಾಟಿದ. ಯಾರೋ ಹಾರ್ನ್ ಹೊಡೆದರು, ಯಾರೋ ಬೈದರು. ಹಗಲೇ ಕಪ್ಪಾಗುವಷ್ಟು ಮೋಡ. ಚಿತ್ರಶಾಲೆಯ ಕೆಳಗಿನ ಗೋದಾಮಿನ ಪಕ್ಕದ ಮೆಟ್ಟಿಲು. ಬಾಗಿಲು ತೆರೆದಿತ್ತು, ಹಾಲಿನಲ್ಲಿ ಯಾರೂ ಇಲ್ಲ. ಪರದೆ ಕಿತ್ತೆಸೆದ.

ಅಕ್ಕ ಅಲ್ಲಿ ಕೂತಿದ್ದಳು. ನೀಲಿ ಹೊದಿಕೆ ಹೊದ್ದು, ತುಂಡು ಹುಬ್ಬಿನ ಕೆಳಗಿನಿಂದ ಅವನನ್ನೇ ನೋಡುತ್ತ. ಅವಳ ನಗು. ಸೂಜಿ ಕಚ್ಚಿ ಕಚ್ಚಿ ಸವೆದ ಅದೇ ತುಟಿ.

ಬಣ್ಣ ಕೆರೆಯುವ ಚಾಕು ಹಿಡಿದು ತನ್ನ ನಕಲನ್ನು ಅಡ್ಡಡ್ಡ ಸೀಳಿದ. ಚಿಂದಿ ಮಾಡಿದ. ಮೂಲ ಚಿತ್ರದ ಕಡೆ ಚಾಕು ಎತ್ತಿದ.

"ಅದನ್ನ ಸೀಳಿದ್ರೆ ಅವಳ ಮುಖಾನೂ ಸೀಳುತ್ತೆ."

ಹಿಂಬಾಗಿಲಲ್ಲಿ ಮೇಷ್ಟ್ರು. ಅವರ ಬೆನ್ನ ಹಿಂದೆ ಜಗ್ಗು ಹಿಡಿದ ಹೆಂಗಸು. ಅವಳ ಮುಖ ಈಗ ಸ್ಪಷ್ಟವಾಗಿ ಕಂಡಿತು. ಪುಟ್ಟ ಗದ್ದ. ಕಣ್ಣಿನ ಕೆಳಗೆ ನಿದ್ದೆಗೆಟ್ಟ ಊತ. ನರ್ಸಮ್ಮನ ನಕಲಿನಲ್ಲಿದ್ದ ಮುಖ.

"ಯಾರ್ರೀ ಈ ಹುಡುಗ?" ಅವಳು ಕೇಳಿದಳು. "ಯಾಕೆ ಹೀಗೆ ಬೆವರ್ತಿದಾನೆ?"

"ನೀನು ಒಳಗೆ ಹೋಗು." ಬಾಗಿಲು ಹಾಕಿ ಮೇಷ್ಟ್ರು ಅದಕ್ಕೇ ಒರಗಿದರು. "ಒಂಬತ್ತು ವರ್ಷ ಕಣೋ. ಒಂಬತ್ತು ವರ್ಷ ಯಾರೋ ಒಬ್ಬಳ ಜೊತೆ ಸಂಸಾರ ಮಾಡಿದೆ. ಅವಳ ತವರಿನೋರು ಅವಳನ್ನ ಹೊರಗೆ ಹಾಕಿದ್ರು, ಮೋಸಗಾತಿ ಅಂತ. ನಾನೂ ನಿನ್ನ ಹಾಗೇ ಬುದ್ಧಿವಂತ. ದಾರ ಹಿಡಿದು ಅಳತೆ ತಗೊಂಡೆ."

"ಇದೇನಿದು? ಏನು ಮಾಡಿದ್ರಿ?"

"ಇದನ್ನ ಬರೆದವನಿಗೆ ಮುಖ ಬರ್ತಿರಲಿಲ್ಲ. ಕೈ ಬಂತು, ಬಟ್ಟೆ ಬಂತು, ಕುರ್ಚಿ ಬಂತು. ಮುಖ ಬರಲಿಲ್ಲ. ಮಾಟ ಮಾಡಿಸಿದ. ಕೂತವಳ ಕೂದಲು ಸುಟ್ಟು ಕರಿಬಣ್ಣದಲ್ಲಿ ಅರೆದ. ಅವಳ ಮುಖ ಇಲ್ಲಿಗೆ ಬಂತು, ಅವಳ ಮೇಲೆ ಉಳೀಲಿಲ್ಲ. ಶಾಪ ಹಾಕಿಯೇ ಸತ್ತಳು. ತನ್ನ ಅಳತೆ ಮುಟ್ಟಿ ತಗೊಂಡವನ ಮನೆಯಲ್ಲಿ ಅವನಿಗೆ ಪ್ರೀತಿಯ ಮುಖ ಇಲ್ಲಿಗೆ ಬರಲಿ ಅಂತ. ಒಂದು ಸಲಕ್ಕೆ ಒಂದೇ ಮುಖಕ್ಕೆ ಜಾಗ. ಹೊಸದು ಬಂದ್ರೆ ಹಳೇದು ವಾಪಸ್."

"ಹಾಗಾದ್ರೆ ಎಚ್ಚರಿಕೆ ಯಾಕೆ ಕೊಟ್ರಿ?"

"ಕೊಡಲೇಬೇಕು. ಗೊತ್ತಿಲ್ಲದೆ ಮುಟ್ಟಿದವನಿಗೆ ಅದು ಅಂಟಲ್ಲ. ಬೇಡ ಅಂದದ್ದನ್ನ ಬೇಕಂತಲೇ ಮಾಡೋನು ಬೇಕು." ಮೇಷ್ಟ್ರು ಕಣ್ಣು ತಗ್ಗಿಸಿದರು. "ಬಂದೋರೆಲ್ಲ ಹೇಳಿದ ಮಾತು ಕೇಳೋರು. ಕೊನೆಗೆ ನೀನು ಬಂದೆ. ಮೂಗಿನ ತುದೀಲಿ ಸಿಟ್ಟು. ಎಲ್ಲರ ಎದುರಿಗೆ ಒಂದು ಮಾತು ಚುಚ್ಚಿದ್ರೆ ಸಾಕಿತ್ತು."

ಅವನು ಅವರ ಕೊರಳು ಹಿಡಿದು ಬಾಗಿಲಿಗೆ ಒತ್ತಿದ. ಮೇಷ್ಟ್ರು ಬಿಡಿಸಿಕೊಳ್ಳಲಿಲ್ಲ.

"ಹೊಡಿ. ಆಮೇಲೆ ನೀನೂ ಪಾಠ ಹೇಳೋಕೆ ಶುರು ಮಾಡು. ಚಿತ್ರ ತಗೊಂಡು ಹೋಗು. ಇನ್ನೊಬ್ಬ ಸಿಟ್ಟಿನೋನು ಬರೋವರೆಗೂ ಕಾದಿರು."

ಹೊರಗೆ ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದು. ಹಾಲಿನ ಬೀಗದ ಕೈ ಇದ್ದ ಗಡ್ಡದವನು ಭಾನುವಾರವೂ ಬರುತ್ತಿದ್ದ. ಏನೋ ಹಾಡಿಕೊಳ್ಳುತ್ತ ಮೇಲೆ ಬರುತ್ತಿದ್ದ. ಅವನಿಗೂ ಸಿಟ್ಟಿದೆ. ಅವನಿಗೂ ಮನೆಯಿದೆ, ಮನೆಯಲ್ಲಿ ಅಮ್ಮ ಇದ್ದಾಳೆ.

ಕೈ ಸಡಿಲವಾಯಿತು.

"ನನ್ನ ಮುಖಾನೇ ಕೊಟ್ರೆ?"

ಮೇಷ್ಟ್ರು ಅಂಗಿಯ ಕೊರಳಪಟ್ಟಿ ಸರಿಮಾಡಿಕೊಂಡರು. "ಕೊಡಬಹುದು. ಚಿತ್ರದವಳನ್ನ ಮುಟ್ಟಿದ ಆ ಕಾಗದಾನ ನಿನ್ನ ಮುಖಕ್ಕೆ ಹಿಡಿದ್ರೆ ಅದು ನಿನ್ನದನ್ನ ತಗೊಳ್ಳುತ್ತೆ. ನನಗೆ ಧೈರ್ಯ ಬರಲಿಲ್ಲ. ಕೊಟ್ಟ ಮೇಲೆ ನಿಮ್ಮಕ್ಕನ ಹತ್ರ ಯಾವತ್ತೂ ಬಾಯಿ ಬಿಡಕೂಡದು. ನಾನೇ ಅಂತ ಹೇಳಿದ್ರೆ, ಒಂದು ಮಾತು ಆಡಿದ್ರೂ, ಸನ್ನೆ ಮಾಡಿದ್ರೂ, ಕೊಟ್ಟದ್ದನ್ನ ವಾಪಸ್ ಕೇಳಿದ ಹಾಗೆ. ಆ ಗಳಿಗೇಲೇ ಅವಳ ಮುಖ ಮತ್ತೆ ಇಲ್ಲಿ. ಆಮೇಲೆ ಯಾವ ದಾರೀನೂ ಇಲ್ಲ."

ಅವನು ಕೋಣೆಯ ಮೂಲೆಯಲ್ಲೇ ಬಿಟ್ಟುಹೋಗಿದ್ದ ಚೀಲದಿಂದ ತೂತಿನ ಕಾಗದದ ಸುರುಳಿ ತೆಗೆದ.

ಚಿತ್ರದ ಮುಂದೆ ನಿಂತ. ಕಾಗದವನ್ನು ತನ್ನ ಮುಖಕ್ಕೆ ಹಿಡಿದ. ಕಣ್ಣಿಗೆ ಕಣ್ಣು. ಮೂಗಿಗೆ ಮೂಗು. ಕಾಗದ ತಾನಾಗಿ ಅಂಟಿತು. ಉಸಿರು ಕಟ್ಟಿತು. ಇದ್ದಿಲ ಗಂಟು ಎತ್ತಿ ತಟ್ಟಿದ. ಪಟ. ಹಣೆ. ಪಟ. ಹುಬ್ಬು. ತೂತು ತೂತಿನಿಂದ ಇದ್ದಿಲು ಚರ್ಮಕ್ಕಿಳಿಯಿತು. ತಣ್ಣಗೆ. ಸೂಜಿಯಷ್ಟು ತಣ್ಣಗೆ. ಪಟ. ಕೆನ್ನೆ. ಸುಟ್ಟ ಕೂದಲು. ಮೂಗಿನ ತುಂಬ, ಬಾಯಿಯ ತುಂಬ ಸುಟ್ಟ ಕೂದಲು. ಎದುರಿನಿಂದ ಯಾರೋ ಎಳೆದರು. ಟಿಕ್. ಬಣ್ಣ ಬಿರಿಯಿತು. ಟಿಕ್. ಟಿಕ್. ಕತ್ತಲು. ಗದ್ದಕ್ಕೆ ಬೆರಳು ತಾಗಿತು. ಬೆಚ್ಚಗಿನ ಬೆರಳು. ಹೆಂಗಸಿನ ಬೆರಳು. ತೊಡೆಯ ಮೇಲಿದ್ದ ಆ ಕೈ! ಕಿರುಚಬೇಕು. ಕಿರುಚಲಿಲ್ಲ. ಪಟ. ತುಟಿ. ಕೊನೆಯ ತೂತು.

ಕಾಗದ ಬಿದ್ದಿತು.

ನೀಲಿ ಹೊದಿಕೆಯ ಮೇಲೆ ಅವನದೇ ಮುಖ ಕೂತಿತ್ತು. ಗಂಟಿಕ್ಕಿದ ಹುಬ್ಬು, ಬಿಗಿದ ದವಡೆ. ನೂರು ವರ್ಷದ ಬಿರುಕು ಅದರ ಮೇಲೂ ಹಾದಿತ್ತು. ಒಳ್ಳೆಯ ಕೆಲಸ. ಒಳಗೆ ಯಾರೋ ಇದ್ದರು.

ಗಡ್ಡದವನು ಕಿತ್ತುಬಿದ್ದ ಪರದೆ ದಾಟಿ ಬಂದ. ಅವನನ್ನು ಮೇಲಿನಿಂದ ಕೆಳಗೆ ನೋಡಿ ಎರಡು ಹೆಜ್ಜೆ ಹಿಂದೆ ಸರಿದ. "ಯಾರ್ರೀ ನೀವು? ಮೇಷ್ಟ್ರೇ, ಇವರನ್ನ ಒಳಗೆ ಯಾರು ಬಿಟ್ಟಿದ್ದು?"

ಮೇಷ್ಟ್ರು ಗೋಡೆಯ ಕಡೆ ಮುಖ ತಿರುಗಿಸಿದರು.

*

ಅವನು ಬೀದಿಗೆ ಬಂದಾಗ ಮೋಡ ಸರಿದು ಬಿಸಿಲು ಬಿದ್ದಿತ್ತು. ಅಂಗಡಿಯ ಮುಂದೆ ನಾಲ್ಕು ಜನ ಹೆಂಗಸರು. ಪಕ್ಕದ ಬೀದಿಯ ಆ ಹೆಂಗಸೂ ಇದ್ದಳು, ಗಂಟು ಬಿಚ್ಚಿ ಬಟ್ಟೆ ತೋರಿಸುತ್ತಿದ್ದಳು. ನಡುವೆ ಅಕ್ಕ. ಹುಬ್ಬು ತುಂಡಾಗಿತ್ತು. ಕೆನ್ನೆ, ಗದ್ದ, ಎಲ್ಲ ಅದರದರ ಜಾಗದಲ್ಲಿ. ಅವನು ಎದುರು ಬದಿಯ ಕಂಬದ ಪಕ್ಕ ನಿಂತು ಕಣ್ಣು ತುಂಬ ನೋಡಿದ. ಈಗ ಬರೆಯಲು ಹೇಳಿದರೆ ಅಳತೆಯೇ ಇಲ್ಲದೆ ಬರೆದಾನು.

ಅಷ್ಟಕ್ಕೇ ಹೋಗಬೇಕಿತ್ತು. ಕಾಲು ಕೇಳಲಿಲ್ಲ. ರಸ್ತೆ ದಾಟಿ ಅಂಗಡಿಯ ಮುಂದೆ ಬಂದ.

ಅಕ್ಕ ತಲೆಯೆತ್ತಿದಳು. "ಏನಪ್ಪಾ, ಏನಾಗಬೇಕಿತ್ತು?"

ಅವನು ನಿಂತ.

"ಗಂಡಸರ ಬಟ್ಟೆ ಹೊಲಿಯಲ್ಲ ನಾನು. ನನ್ನ ತಮ್ಮನಿಗೆ ಮಾತ್ರ..." ಮಾತು ಅರ್ಧಕ್ಕೆ ನಿಂತಿತು. ಅವಳ ಕಣ್ಣು ಅವನ ಮುಖದ ಮೇಲೆ ನಿಲ್ಲದೆ ಜಾರಿ ಅಂಗಿಗೆ ಬಿತ್ತು. ಕೊರಳಪಟ್ಟಿಗೆ. ಗುಂಡಿಗಳಿಗೆ. ಎದ್ದು ಬಂದಳು, ಜೇಬಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದು ತಿರುವಿದಳು. "ಇದು ನನ್ನ ಹೊಲಿಗೆ. ಇದು ನನ್ನ ತಮ್ಮನ ಅಂಗಿ."

ಹೆಂಗಸರು ಅವನನ್ನು ಸುತ್ತುವರಿದರು.

"ಬೆಳಿಗ್ಗೆ ಹಾಕ್ಕೊಂಡು ಓಡಿಹೋದ. ಇನ್ನೂ ಬಂದಿಲ್ಲ. ನಿನಗೆ ಹೇಗೆ ಬಂತು ಇದು?" ಅವಳ ಧ್ವನಿ ಏರಿತು. "ಇದ್ದಿಲು ಬಳಿದುಕೊಂಡು ನಿಂತಿದ್ದೀಯಲ್ಲ, ಮಾತಾಡೋ! ಎಲ್ಲಿ ಅವನು?"

"ಕಳ್ಳನ ಮುಖ ನೋಡು," ಅಂದಳೊಬ್ಬಳು. ಎದುರಿನ ಅಂಗಡಿಯವನು ಕೋಲು ಹಿಡಿದು ಕೆಳಗಿಳಿದ. ಇನ್ನಿಬ್ಬರು ಬಂದರು. ಅಕ್ಕ ಅವನ ಎದೆಯ ಮೇಲೆ ಎರಡು ಕೈಯಲ್ಲಿ ಗುದ್ದಿದಳು, ಅಂಗಿ ಹಿಡಿದು ಅಲ್ಲಾಡಿಸಿದಳು, ಒಂದು ಗುಂಡಿ ಕಿತ್ತು ಅವಳ ಕೈಗೆ ಬಂತು.

"ನನ್ನ ತಮ್ಮನಿಗೆ ಏನು ಮಾಡಿದ್ಯೋ, ಪಾಪಿ? ಏನು ಮಾಡಿದೆ ಹೇಳೋ!"

ಅವನು ಅವಳ ಕೈಗಳನ್ನು ಮೆಲ್ಲಗೆ ಬಿಡಿಸಿದ. ಬೆನ್ನ ಮೇಲೆ ಮೊದಲ ಕೋಲು ಬಿತ್ತು. ತಿರುಗಿ, ಬೀದಿಯ ಕೊನೆಯ ಕಡೆ, ಮಾತಾಡದೆ ನಡೆದ.